ಟೈಮಿಂಗ್ ಬೆಲ್ಟಿನ ಮೌನ

ಹತ್ತು ವರ್ಷ ಹಳೆಯ ಕಾರಿನ ಎಂಜಿನ್ನಿನೊಳಗೆ ವಾಲ್ವ್ ಟೈಮಿಂಗ್ ಬೆಲ್ಟನ್ನು ಕೇಳಿತು: "ನಿಜ ಹೇಳು, ಇನ್ನೂ ಗಟ್ಟಿಯಾಗಿದ್ದೀಯಾ? ನೀನು ತುಂಡಾದರೆ ನಮ್ಮಿಬ್ಬರ ತಾಳ ತಪ್ಪಿ ಪಿಸ್ಟನ್ ಬಂದು ನನ್ನ ತಲೆಗೇ ಗುದ್ದುತ್ತದೆ."

"ಕಾರು ಓಡಿದ್ದೇ ಕಡಿಮೆ ಮಾರಾಯ. ಯಾರದಾದರೂ ಮದುವೆ, ನಾಮಕರಣ, ಅಷ್ಟೆ. ನಾನು ಸವೆಯುವುದು ಹೇಗೆ?"

"ರಬ್ಬರು ಸುಮ್ಮನೆ ಕೂತರೂ ಮುದಿಯಾಗುತ್ತದೆ. ಬ್ರೇಕಾದರೂ ಸವೆದಾಗ ಕಿರುಗುಟ್ಟಿ ಹೇಳುತ್ತದೆ. ನೀನು ಒಮ್ಮೆಯೂ ನರಳಿಲ್ಲ. ನನಗೆ ಅನುಮಾನ ಬಂದಿರುವುದೇ ಅದಕ್ಕೆ."

"ನಿನಗೆ ಅನುಮಾನದ ಕಾಯಿಲೆ," ಎಂದು ಪಿಸ್ಟನ್ ನಕ್ಕಿತು. "ಮಾಲೀಕರೇ ಮೀಟರ್ ನೋಡಿ ನೆಮ್ಮದಿಯಾಗಿದ್ದಾರೆ."

"ಮೀಟರಿನಲ್ಲಿ ಕಿಲೋಮೀಟರ್ ಕಾಣುತ್ತದೆ, ವರ್ಷ ಕಾಣುವುದಿಲ್ಲ."

ಮುಂದಿನ ಮದುವೆಗೆ ಹೊರಟಾಗ, ಹೆದ್ದಾರಿಯ ನಡುವೆ, ಬೆಲ್ಟ್ ಸದ್ದಿಲ್ಲದೆ ತುಂಡಾಯಿತು. ಪಿಸ್ಟನ್ ಬಂದ ರಭಸಕ್ಕೆ ವಾಲ್ವ್ ಬಾಗಿಹೋಯಿತು.

"ನೀನು ಹೇಳಿದ್ದೇ ಸರಿ," ಎಂದು ಪಿಸ್ಟನ್ ಗೌರವದಿಂದ ಒಪ್ಪಿಕೊಂಡಿತು.

ಆ ಗೌರವದಿಂದ ವಾಲ್ವ್ ನೆಟ್ಟಗಾಗಲಿಲ್ಲ.