ಇಂಜಿನ್ ಬ್ಯಾಟರಿಯ ಒಂದು ಗಳಿಗೆ

ಪ್ರಮೀಳಾ ಮತ್ತು ಅವರ ಗಂಡ ವಾದಿರಾಜರು ತಮ್ಮ ಪ್ರವಾಸದ ವ್ಯಾನನ್ನು ಹೊಳೆಯ ಮರಳಿನ ಮೇಲೆ ನಿಲ್ಲಿಸಿದ್ದರು. ಅದರಲ್ಲಿ ಎರಡು ಬ್ಯಾಟರಿಗಳಿದ್ದವು. ಒಂದು ಇಂಜಿನ್ ಚಾಲೂ ಮಾಡಲು, ಇನ್ನೊಂದು ಒಳಗಿನ ಫ್ಯಾನು, ಫ್ರಿಜ್ಜು ನಡೆಸಲು. ಮಧ್ಯಾಹ್ನಕ್ಕೆ ಫ್ಯಾನಿನ ಬ್ಯಾಟರಿ ಬರಿದಾಯಿತು.

"ಸುಮ್ಮನೆ ಕೂತಿದ್ದೀಯಲ್ಲ, ಸ್ವಲ್ಪ ಶಕ್ತಿ ಕೊಡು," ಎಂದಿತು ಅದು.

"ಕೊಡಲಾರೆ. ನನ್ನದೆಲ್ಲವೂ ಒಂದು ಗಳಿಗೆಗಾಗಿ ಬೇಕು," ಎಂದಿತು ಇಂಜಿನ್ ಬ್ಯಾಟರಿ.

"ಎಂಥ ಜಂಬ!"

ಸೆಕೆ ತಾಳಲಾರದೆ ವಾದಿರಾಜರು ಫ್ಯಾನಿನ ವೈರನ್ನು ಇಂಜಿನ್ ಬ್ಯಾಟರಿಗೆ ಜೋಡಿಸಲು ಹೋದರು.

"ಬೇಡರೀ, ಅದನ್ನು ಮುಟ್ಟಬೇಡಿ," ಎಂದು ಪ್ರಮೀಳಾ ತಡೆದರು.

ಅಷ್ಟರಲ್ಲಿ ಹೊಳೆಯ ಮೇಲ್ಭಾಗದಲ್ಲಿ ಸುರಿದ ಮಳೆಯ ಕೆಂಪು ನೀರು ಭೋರೆಂದು ನುಗ್ಗಿ ಬಂತು. ಚಕ್ರಗಳು ಮುಳುಗತೊಡಗಿದವು.

"ಹತ್ತಿ, ಬೇಗ ಹತ್ತಿ!" ಎನ್ನುತ್ತ ಪ್ರಮೀಳಾ ಕೀಲಿ ತಿರುಗಿಸಿದರು. ಇಂಜಿನ್ ಬ್ಯಾಟರಿ ತನ್ನ ಬಲವನ್ನೆಲ್ಲ ಒಮ್ಮೆಲೇ ಸುರಿಯಿತು. ಇಂಜಿನ್ ಗುಡುಗಿತು. ವ್ಯಾನು ನೀರು ಚಿಮ್ಮಿಸುತ್ತ ದಡ ಏರಿತು! ಗಂಡ ಹೆಂಡತಿ ಮಕ್ಕಳಂತೆ ಕೇಕೆ ಹಾಕಿದರು.

"ಅಣ್ಣಾ, ಎಲ್ಲರನ್ನೂ ಉಳಿಸಿದೆ!" ಎಂದಿತು ಫ್ಯಾನಿನ ಬ್ಯಾಟರಿ.

"ಇಂಜಿನ್ ಓಡುತ್ತಿದೆ, ಈಗ ನೀನು ಹೊಟ್ಟೆ ತುಂಬಿಸಿಕೋ," ಎಂದಿತು ಇಂಜಿನ್ ಬ್ಯಾಟರಿ. "ನಿನ್ನಂತೆ ದಿನವಿಡೀ ದುಡಿಯುವುದು ನನ್ನಿಂದಾಗದ ಕೆಲಸ."