ಅವ್ವ ‘ತೆಗಿ’ ಅನ್ನೋ ತನಕ

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನನ್ನನ್ನು ದೂರಬೇಡಿ.

ಒಂದೂರಿನ ಬಯಲಲ್ಲಿ ಪುಟ್ಟ ವಿಮಾನ ಓಡಿಸುವುದನ್ನು ಕಲಿಸುವ ಶಾಲೆಯಿತ್ತು. ಅಲ್ಲಿ ಅಡುಗೆಯವಳು ಸಿದ್ದಾಜಮ್ಮ. ಅವಳಿಗೊಬ್ಬನೇ ಮಗ, ಪುಟ್ಟಮಾದ. ಮೀಸೆ ನರೆತಿತ್ತು, ಆದರೂ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಶಾಲೆ ನಡೆಸುವ ಬೆಳ್ಯಪ್ಪ ಸಾಹೇಬರನ್ನು ‘ಬುದ್ಧಿ’ ಅಂತ ಕರೆಯುತ್ತಿದ್ದ. ಅವನ ಹತ್ತಿರ ಇದ್ದ ಬುದ್ಧಿ ಅದೊಂದೇ.

ಸಿದ್ದಾಜಮ್ಮನಿಗೆ ಎದೆನೋವು ಶುರುವಾಯಿತು. “ನಾನು ಕಣ್ಮುಚ್ಚಿದ್ರೆ ಇವನಿಗೆ ಅನ್ನ ಹಾಕೋರ್ಯಾರು ಬುದ್ಧಿ? ಇಲ್ಲೇ ಒಂದು ಕೆಲ್ಸ ಕೊಡಿ” ಅಂತ ಸಾಹೇಬರ ಕಾಲು ಹಿಡಿದಳು.

ಸಾಹೇಬರು ಕೊಟ್ಟರು. “ನೋಡೋ, ನೆಲದ ಮೇಲೆ ಹೋಗುವಾಗ ವಿಮಾನದ ಮೂತಿ ಎತ್ತರಕ್ಕಿರುತ್ತೆ. ಒಳಗಿರೋನಿಗೆ ಮುಂದಿನದು ಕಾಣಲ್ಲ. ನೀನು ರೆಕ್ಕೆ ನೋಡ್ಕೊಂಡು ಪಕ್ಕದಲ್ಲೇ ಬಾ.”

ಬಂದ. ರೆಕ್ಕೆ ನೋಡಿಕೊಂಡೇ ಬಂದ. ರೆಕ್ಕೆ ಹೋಗಿ ನೀರಿನ ಡ್ರಮ್ಮಿಗೆ ಧಡ್ ಅಂತ ಬಡಿಯಿತು!

“ಯಾಕೋ ಹೇಳ್ಲಿಲ್ಲ?”

“ನೋಡು ಅಂದ್ರಿ, ನೋಡ್ದೆ ಬುದ್ಧಿ. ರೆಕ್ಕೆ ಚೆಂದಾಗಿತ್ತು!”

ವಿಮಾನ ಓಡಿಸುತ್ತಿದ್ದ ಸಾಹೇಬರು ಆಗ ತಮ್ಮ ಕೈಗಡಿಯಾರ ನೋಡುತ್ತಿದ್ದರು. ಆ ಮಾತು ಯಾರೂ ಎತ್ತಲಿಲ್ಲ. ಬೈಗುಳವೆಲ್ಲ ಪೆದ್ದನಿಗೇ.

ಅವ್ವ ಹಣೆ ಚಚ್ಚಿಕೊಂಡಳು. “ಅಯ್ಯೋ ಮಂಕೇ! ಅಡ್ಡ ಬಂದದ್ದು ಕಂಡ್ರೆ ಕೈ ಎತ್ತಿ ‘ನಿಲ್ಲು’ ಅಂತ ಕೂಗ್ಬೇಕು ಕಣ್ಲಾ!”

“ಆಗ್ಲಿ ಕಣವ್ವ.”

ಮಾರನೆಯ ವಾರ ವಿಮಾನ ಹೊರಟಿದೆ, ಎದುರಿಗೊಂದು ಎಮ್ಮೆ ದಾರಿ ದಾಟುತ್ತಿದೆ. ಪುಟ್ಟಮಾದ ಓಡಿದ. ಎಮ್ಮೆಯ ಮುಂದೆ ನಿಂತು ಕೈ ಎತ್ತಿ “ನಿಲ್ಲೂ!” ಅಂದ. ಎಮ್ಮೆ ನಿಂತಿತು, ನಡುದಾರಿಯಲ್ಲೇ! ಪಕ್ಕಕ್ಕೆ ಬಗ್ಗಿ ನೋಡಿದ ಸಾಹೇಬರು ಗಾಬರಿಯಲ್ಲಿ ತಿರುಗಿಸಿದರು. ವಿಮಾನ ಚರಂಡಿಗೆ ಮೂಗು ತೂರಿಸಿತು.

“ಎಮ್ಮೆ ನನ್ ಮಾತು ಕೇಳ್ತು ಕಣವ್ವ!” ಅಂತ ಹಿಗ್ಗಿ ಹೇಳಿದ.

“ಇನ್ನೊಂದ್ಸಲ ಹೀಗಾದ್ರೆ ಇಬ್ಬರೂ ಗಂಟುಮೂಟೆ ಕಟ್ಟಿ” ಅಂದರು ಸಾಹೇಬರು.

ಅವ್ವ ಒಲೆಯ ಮುಂದೆ ಕೂತು ಅತ್ತಳು. ಕಣ್ಣೊರೆಸಿಕೊಂಡು ಮಗನನ್ನು ಕರೆದಳು.

“ಬಾಯಿ ಬ್ಯಾಡ, ಕೈ ಬ್ಯಾಡ ನಿಂಗೆ. ಗಾಲಿ ಇರೋದು ಯಾವ್ದೇ ಹೊರಡಲಿ, ಗಾಲಿಗೆ ಮರದ ತುಂಡು ಕೊಟ್ಟು ಸುಮ್ನೆ ಕುಂತ್ಕೊ. ನಾನು ಅಡುಗೆಮನೆ ಬಾಗ್ಲಲ್ಲಿ ನಿಂತು ದಾರಿ ನೋಡಿ ‘ತೆಗಿ ಮಗ’ ಅಂತೀನಿ. ನಾನು ಅನ್ನೋ ತನಕ ಯಾರಂದ್ರೂ ತೆಗೀಬ್ಯಾಡ!”

“ಆಗ್ಲಿ ಕಣವ್ವ.”

ಅದೊಂದು ಕೆಲಸ ಅವನಿಗೆ ಒಗ್ಗಿತು. ಅವ್ವ “ತೆಗಿ ಮಗ” ಅನ್ನುವಳು, ಇವನು ತೆಗೆಯುವನು. ಒಂದು ದಿನ ಸಾಹೇಬರು ಬ್ರೇಕು ಹಾಕುವುದನ್ನೇ ಮರೆತು ಎಂಜಿನ್ ಎಬ್ಬಿಸಿದರು. ಎದುರಿಗೇ ಕಲಿಯುವ ಹುಡುಗರು ಕೂತು ತಿಂಡಿ ತಿನ್ನುತ್ತಿದ್ದರು. ವಿಮಾನ ಗುಡುಗಿತು, ಅಲುಗಿತು, ಮರದ ತುಂಡಿಗೆ ಒತ್ತಿ ಅಲ್ಲೇ ನಿಂತಿತು. ಸಾಹೇಬರು ಇಳಿದು ನೇರ ಅಡುಗೆಮನೆ ಬಾಗಿಲಿಗೆ ಬಂದರು.

“ಸಿದ್ದಾಜಮ್ಮ, ತಪ್ಪು ನಂದು. ಇವನು ಬದುಕಿರೋವರೆಗೂ ಇವನ ಊಟ ಇಲ್ಲೇ. ಯೋಚ್ನೆ ಬಿಡಿ.”

ಅವಳು ಯೋಚನೆ ಬಿಟ್ಟಳು. ಆ ತಿಂಗಳಲ್ಲೇ ಒಂದು ಬೆಳಿಗ್ಗೆ ಜೀವವನ್ನೂ ಬಿಟ್ಟಳು.

ಹುಟ್ಟೂರಿನ ಮಣ್ಣಿಗೆ ಒಯ್ಯಲು ವ್ಯಾನು ಬಂತು. ಅವಳನ್ನು ಮಲಗಿಸಿದರು, ಹೂ ಹಾಕಿದರು. ಡ್ರೈವರು ಎಂಜಿನ್ ಎಬ್ಬಿಸಿದ. ವ್ಯಾನು ಗುಡುಗಿತು, ಮುಂದೆ ಹೋಗಲಿಲ್ಲ. ಇಳಿದು ನೋಡಿದರೆ ನಾಲ್ಕು ಗಾಲಿಗೂ ಮರದ ತುಂಡು! ಪಕ್ಕದಲ್ಲಿ ಪುಟ್ಟಮಾದ ಸುಮ್ಮನೆ ಕೂತಿದ್ದ.

“ತೆಗಿಯಪ್ಪಾ” ಅಂದರು ಸಾಹೇಬರು.

“ಅವ್ವ ಅನ್ನಲಿ ಬುದ್ಧಿ, ತೆಗೀತೀನಿ.”

ಇಷ್ಟು ದಿನ ಬೈದವರು ಯಾರೂ ಈಗ ಬೈಯಲಿಲ್ಲ. “ಹೊತ್ತಾಯ್ತದೆ” ಅಂದ ಡ್ರೈವರು, ಅಷ್ಟೇ. ಪುಟ್ಟಮಾದ ಅಡುಗೆಮನೆ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇಲ್ಲ. ಎದ್ದು ಬಂದು ವ್ಯಾನಿನ ಕಿಟಕಿಗೆ ಬಾಯಿಟ್ಟು ಮೆಲ್ಲಗೆ ಕೇಳಿದ:

“ಅವ್ವಾ, ಇವ್ರಿಗೆ ಹೊತ್ತಾಯ್ತದಂತೆ. ಒಂದ್ಸಲ ‘ತೆಗಿ ಮಗ’ ಅನ್ನವ್ವಾ.”