ಮೇಜಿನ ಕೆಳಗಿನ ಚಪ್ಪಲಿ

ಶಿಷ್ಯನಾದ ಚೆನ್ನವೀರ ಕೇಳಿದ: “ಗುರುಗಳೇ, ನಮ್ಮ ಓಣಿಯ ಕೊಳವೆಬಾವಿಯ ನೀರು ಕೆಟ್ಟಿದೆ. ಅದು ಎಲ್ಲರಿಗೂ ಗೊತ್ತು. ದೂರು ಕೊಟ್ಟರೆ ಬಾವಿ ಮುಚ್ಚಿಸುತ್ತಾರೆ, ಓಣಿಯೇ ನನ್ನ ಮೇಲೆ ತಿರುಗಿಬೀಳುತ್ತದೆ. ನಮ್ಮ ಮನೆಯಲ್ಲಿ ನೀರು ಕಾಯಿಸಿ ಕುಡಿಯುತ್ತೇವೆ. ನಾನೊಬ್ಬ ಸುಮ್ಮನಿದ್ದರೆ ಏನು ನಷ್ಟ?”

ಗುರುಗಳು ಅವನ ಮುಖ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು, ಹೆಸರು ಶಾಂಭವಿ. ಅವಳು ಬೇರೆ ಊರಿನಲ್ಲಿ ಓದುತ್ತಿದ್ದಳು. ಓದು ಮುಗಿಸಿ ಬಂದ ಮೇಲೆ ನಡೆಸಿಕೊಂಡು ಹೋಗಲಿ ಎಂದು ವರ್ತಕ ಅವಳಿಗಾಗಿ ಒಂದು ಕಂಪ್ಯೂಟರ್ ಶಾಲೆ ತೆರೆದ. ಕೋಣೆಯ ತುಂಬ ಯಂತ್ರಗಳನ್ನು ತರಿಸಿದ. ವೈರಿಂಗ್ ಮಿಸ್ತ್ರಿಯನ್ನು ಕರೆದು, “ನಾಳೆ ಇಲ್ಲಿ ನನ್ನ ಮಗಳು ಕೂರುತ್ತಾಳಪ್ಪ, ಒಂದು ಕುಂದೂ ಇರಬಾರದು” ಎಂದ.

ಮಿಸ್ತ್ರಿ ಹೇಳಿದ: “ಈ ಯಂತ್ರಗಳ ಗುಣವೇ ಹಾಗೆ, ಯಜಮಾನರೇ. ಕೆಡದಿದ್ದರೂ ಒಂದೊಂದೂ ಚೂರು ಕರೆಂಟನ್ನು ತನ್ನ ಹೊರಮೈಯ ತಗಡಿನ ಪೆಟ್ಟಿಗೆಗೆ ಸೋರಿಸುತ್ತದೆ. ಒಂದರದು ಲೆಕ್ಕಕ್ಕಿಲ್ಲ. ಇಷ್ಟೂ ಯಂತ್ರಗಳದು ಸೇರಿದರೆ ಜೀವ ತೆಗೆಯುತ್ತದೆ. ಎಲ್ಲ ಪೆಟ್ಟಿಗೆಗಳನ್ನೂ ಒಂದಕ್ಕೊಂದು ಸೇರಿಸಿ ಅದನ್ನು ನೆಲಕ್ಕೆ ಇಳಿಸುವುದು ಅರ್ತ್ ತಂತಿ. ಅದಕ್ಕೇ ಎರಡು ತಂತಿ ಬೇರೆ ಬೇರೆ ಎಳೆಯುತ್ತೇನೆ, ಒಂದು ಹೋದರೆ ಇನ್ನೊಂದು ಕಾಯಲಿ. ಆದರೆ ಎರಡೂ ಹೋದರೂ ಯಂತ್ರ ನಡೆಯುತ್ತದೆ, ದೀಪ ಉರಿಯುತ್ತದೆ. ಮುಟ್ಟಿದಾಗ ಕೈ ಜುಮ್ಮೆಂದರೆ ಅವತ್ತೇ ಎಲ್ಲ ಆರಿಸಿ ನನಗೆ ಹೇಳಿಕಳಿಸಿ.”

ಹೇಳಿದಂತೆಯೇ ಎರಡು ತಂತಿ ಎಳೆದ. ವರ್ತಕ ಶಿಕ್ಷಕರನ್ನೆಲ್ಲ ಕೂರಿಸಿ ಆ ಮಾತನ್ನು ಮನದಟ್ಟು ಮಾಡಿದ. ವಿದ್ಯೆಯ ಕೋಣೆ, ಚಪ್ಪಲಿ ಬಾಗಿಲ ಹೊರಗೇ ಇರಬೇಕು ಎಂದೂ ಕಟ್ಟು ಮಾಡಿದ. ಈ ಕತೆಯಲ್ಲಿ ಕೇಡಿಗರಿಲ್ಲ, ಚೆನ್ನವೀರ. ಇದ್ದಿದ್ದರೆ ಹೇಳುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕಾಲ ಕಳೆಯಿತು. ಗೋಡೆಗೆ ಬಣ್ಣ ಬಳಿಯಲು ಬಂದವನು ಒಂದು ತಂತಿಯನ್ನು ಬಿಚ್ಚಿದ, ಮತ್ತೆ ಬಿಗಿಯಲು ಮರೆತ. ಯಂತ್ರ ನಡೆಯಿತು, ದೀಪ ಉರಿಯಿತು. ಇನ್ನೊಂದು ತಂತಿಯ ಜೋಡಣೆಗೆ ತುಕ್ಕು ಹಿಡಿಯಿತು. ಒಂದು ದಿನ ಪೆಟ್ಟಿಗೆ ಮುಟ್ಟಿದ ಶಿಕ್ಷಕನೊಬ್ಬನ ಕೈ ಜುಮ್ಮೆಂದಿತು.

ಅವನಿಗೆ ಮಿಸ್ತ್ರಿಯ ಮಾತು ನೆನಪಿತ್ತು. ಆದರೆ ಪರೀಕ್ಷೆ ಹತ್ತಿರವಿತ್ತು. ಹೇಳಿದರೆ ಶಾಲೆ ನಿಲ್ಲುತ್ತದೆ, ವಿದ್ಯಾರ್ಥಿಗಳು ಬೇರೆ ಕಡೆ ಹೋಗುತ್ತಾರೆ, ಎಲ್ಲರೂ ಇವನತ್ತ ಬೆರಳು ತೋರಿಸುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟುವವನು ನಾನೇ ಏಕೆ ಎಂದುಕೊಂಡ. ಮನೆಯಿಂದ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ಮೇಜಿನ ಕೆಳಗೆ ಇಟ್ಟುಕೊಂಡ. ಅದನ್ನು ಮೆಟ್ಟಿದರೆ ಕೈ ಜುಮ್ಮೆನ್ನುತ್ತಿರಲಿಲ್ಲ. ಪಕ್ಕದವನು ನೋಡಿದ, ಅವನೂ ತಂದ. ಒಳ್ಳೆಯ ಉಪಾಯ ಬೇಗ ಹರಡುತ್ತದೆ. ಕೊನೆಗೆ ಎಲ್ಲ ಶಿಕ್ಷಕರ ಮೇಜಿನ ಕೆಳಗೂ ಚಪ್ಪಲಿ ಬಂತು. ವಿದ್ಯಾರ್ಥಿಗಳಿಗೆ, ಪೆಟ್ಟಿಗೆ ಮುಟ್ಟಿದರೆ ಜೋಕೆ ಎಂದು ಗದರಿದರೆ ಸಾಕಾಯಿತು. ವರ್ತಕ ಬಂದಾಗ ಚಪ್ಪಲಿಯನ್ನು ಕಾಲಿನಿಂದಲೇ ಒಳಕ್ಕೆ ತಳ್ಳುತ್ತಿದ್ದರು. ಕಟ್ಟು ಮುರಿದವರು ತಾವೇ ಆದ್ದರಿಂದ ಈಗ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ತುಕ್ಕು ಹಿಡಿದ ಜೋಡಣೆ ಒಂದು ದಿನ ಪೂರ್ತಿ ಕಳಚಿತು. ಚಪ್ಪಲಿ ಮೆಟ್ಟಿದವರಿಗೆ ಅದು ಹೇಗೆ ತಿಳಿಯಬೇಕು?

ಶಾಂಭವಿ ಓದು ಮುಗಿಸಿ ಬಂದಳು. ಆಯುಧಪೂಜೆಯ ದಿನ ಶಾಲೆಯನ್ನು ಅವಳ ಕೈಗೆ ಒಪ್ಪಿಸುವುದೆಂದಾಯಿತು. ನೆಲ ತೊಳೆದರು, ಯಂತ್ರಗಳಿಗೆ ಚೆಂಡುಹೂ ಮುಡಿಸಿ ಎಲ್ಲವನ್ನೂ ಚಾಲೂ ಮಾಡಿದರು. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಳು. ಪೂಜೆಯಾದ್ದರಿಂದ ಶಿಕ್ಷಕರೂ ಬರಿಗಾಲಲ್ಲಿದ್ದರು. ಆದರೆ ಅವರು ಗೋಡೆಯತ್ತ ಸರಿದು ನಿಂತರು. “ಮೊದಲ ಕುಂಕುಮ ನೀವೇ ಇಡಬೇಕಮ್ಮ” ಎಂದರು. ಅವಳು ಅದನ್ನು ಮರ್ಯಾದೆ ಎಂದು ತಿಳಿದಳು. ಮೊದಲು ಚಪ್ಪಲಿ ತಂದ ಶಿಕ್ಷಕ ಏನೋ ಹೇಳಲು ಬಾಯಿ ತೆರೆದ. ಪೂಜೆಯ ಹೊತ್ತಿನಲ್ಲಿ ಚಪ್ಪಲಿ ಹಾಕಿಕೊಳ್ಳಿ ಎನ್ನುವುದೇ ಎಂದು ಮುಚ್ಚಿಕೊಂಡ. ಅವಳು ಒದ್ದೆ ಬೆರಳಿನಿಂದ ಪೆಟ್ಟಿಗೆಗೆ ಕುಂಕುಮ ಇಟ್ಟಳು. ಬಿದ್ದವಳು ಏಳಲಿಲ್ಲ.

ಮಣ್ಣು ಮಾಡಿ ಬಂದ ವರ್ತಕ ಸುತ್ತಿಗೆ ಹಿಡಿದು ಕೋಣೆಗೆ ನುಗ್ಗಿದ. “ನನ್ನ ಮಗಳನ್ನು ಕೊಂದದ್ದು ಯಾವುದು? ತೋರಿಸು” ಎಂದು ಮಿಸ್ತ್ರಿಯನ್ನು ಕೇಳಿದ. ಮಿಸ್ತ್ರಿ ಒಂದೊಂದನ್ನೂ ಪರೀಕ್ಷಿಸಿದ. “ಯಾವುದೂ ಕೆಟ್ಟಿಲ್ಲ, ಯಜಮಾನರೇ. ಎಲ್ಲವೂ ಎಂದಿನಂತೆ ಚೂರು ಚೂರೇ ಸೋರಿಸಿವೆ. ಇಳಿಯಲು ತಂತಿ ಇರಲಿಲ್ಲ, ಮಗುವಿನ ಮೈಯಲ್ಲಿ ಇಳಿದವು” ಎಂದ.

ತಂತಿ ಹುಡುಕಲು ಮೇಜುಗಳನ್ನು ಎಳೆದಾಗ ಚಪ್ಪಲಿಗಳು ಕಂಡವು. ಒಂದೊಂದು ಮೇಜಿನ ಕೆಳಗೂ ಒಂದೊಂದು ಜೊತೆ. ವರ್ತಕ ಅವನ್ನು ನೋಡಿದ, ಶಿಕ್ಷಕರನ್ನು ನೋಡಿದ. ಯಾರ ಮೇಲೆ ಎತ್ತಬೇಕೆಂದು ತಿಳಿಯದೆ ಸುತ್ತಿಗೆಯನ್ನು ಕೆಳಗಿಟ್ಟ. ಆಮೇಲೆ ಅವನು ಬಹಳ ವರ್ಷ ಬದುಕಿದ, ಅಷ್ಟೇ. ಅವನಿಗೆ ಹೇಳಬಹುದಾಗಿದ್ದ ಸಮಾಧಾನದ ಮಾತು ನನಗೆ ಇಂದಿಗೂ ಸಿಕ್ಕಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ, “ನನ್ನ ಪ್ರಶ್ನೆಗೆ ಉತ್ತರವೇನು, ಗುರುಗಳೇ?” ಎಂದು ಮೆಲ್ಲಗೆ ಕೇಳಿದ.

“ನಿನಗೇನೂ ನಷ್ಟವಿಲ್ಲ, ಮಗು, ನೀನು ಚಪ್ಪಲಿ ಮೆಟ್ಟಿದ್ದೀಯೆ.”